ನಾಲ್ಕು ಸೀಟಿನ ಇಮಾನ

2025ರ ಅಕ್ಟೋಬರ್ ಐದು, ಭಾನುವಾರ. ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಶ್ರೀನಿವಾಸಪುರ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದವನ ಅಂಗಿಯ ಮೇಲೆ ರಕ್ತವಿತ್ತು, ತಲೆಗೂದಲಲ್ಲಿ ರಾಗಿ ತೆನೆಯ ಚೂರುಗಳಿದ್ದವು. ಆಯುಧಪೂಜೆ ಮುಗಿದು ನಾಲ್ಕು ದಿನವಾಗಿದ್ದರೂ ಠಾಣೆಯ ಬಾಗಿಲಿಗೆ ಕಟ್ಟಿದ್ದ ಬಾಳೆಕಂದನ್ನು ಯಾರೂ ಬಿಚ್ಚಿರಲಿಲ್ಲ. ಒಣಗಿದ ಎಲೆ ಅವನ ಭುಜಕ್ಕೆ ತಗುಲಿ ಸರಬರ ಅಂದಿತು.

ಹೆಡ್ ಕಾನ್‌ಸ್ಟೆಬಲ್ ಪೆದ್ದಪ್ಪ ಕುರ್ಚಿ ಎಳೆದುಕೊಟ್ಟ.

"ಆಕ್ಸಿಡೆಂಟಾ ಸಾರ್? ಕೂತ್ಕೊಳ್ಳಿ. ಗಾಡಿ ಯಾವ್ದು, ಟೂ ವೀಲರಾ, ಕಾರಾ?"

"ವಿಮಾನ."

ಪೆದ್ದಪ್ಪನ ಪೆನ್ನು ನಿಂತಿತು. "ಯಾವ ಕಂಪನೀದು?"

"ನಮ್ದೇ. ಮನೇದು."

ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಶೋಭಾರಾಣಿ ಇದನ್ನು ಕೇಳಿ ಎದ್ದು ಬಂದರು. ಮಾಲೂರು ತಾಲ್ಲೂಕಿನ ಮಾಸ್ತಿಯವರು, ಈ ಠಾಣೆಗೆ ಬಂದು ಒಂದೂವರೆ ವರ್ಷ. ಊರಾಚೆಯ ಮಾವಿನ ತೋಪುಗಳ ನಡುವೆ ಒಂದು ಖಾಸಗಿ ರನ್‌ವೇ ಇದೆ, ಭಾನುವಾರ ಅಲ್ಲಿಂದ ಬಿಳಿ ವಿಮಾನವೊಂದು ಎದ್ದು ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಠಾಣೆಯ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿದ್ದೂ ಉಂಟು.

ಬಂದವನ ಹೆಸರು ಮಾಧವ್, ಮೂವತ್ತೆಂಟು ವರ್ಷ, ಮುಳಬಾಗಿಲಿನ ಮನೆತನ, ಈಗ ಕೋಲಾರದಲ್ಲಿ ಆಡಿಟರ್. ಎಂಟು ವರ್ಷದ ಹಿಂದೆ ಒಂದು ಹಳೆಯ ನಾಲ್ಕು ಸೀಟಿನ ವಿಮಾನ ಕೊಂಡಿದ್ದ. ಓಡಿಸುವ ಲೈಸೆನ್ಸೂ ಅವನದೇ. ಪ್ರತಿ ಭಾನುವಾರ ಹೆಂಡತಿ ವಿಭಾ, ಏಳು ವರ್ಷದ ಮಗಳು ಶ್ರೀವಾಣಿ, ನಾಲ್ಕು ವರ್ಷದ ಮಗ, ಇಷ್ಟೂ ಜನ ಹತ್ತಿ ಮುಳಬಾಗಿಲಿನ ಮೇಲೆ ಒಂದು ಸುತ್ತು ಹಾಕುವರು. ತಾರಸಿಯಲ್ಲಿ ಅವನ ತಾಯಿ ಜಾನಕಮ್ಮ ಮಡಿಸೀರೆಯ ಸೆರಗು ಬೀಸುವರು. ಮಕ್ಕಳು ಕೈ ಬೀಸುವರು. ಮತ್ತೆ ಹಿಂದಕ್ಕೆ. ಒಟ್ಟು ಮೂವತ್ತೈದು ನಿಮಿಷ.

"ಇವತ್ತು ನೆಲ ಬಿಟ್ಟ ಮೇಲೆ ಎತ್ತರ ತೋರ್ಸೋ ಮುಳ್ಳು ಅಲ್ಲಾಡ್ಲಿಲ್ಲ ಮೇಡಂ. ವೇಗದ ಮುಳ್ಳು ಬೀಳ್ತಾ ಬಂತು. ಶಕ್ತಿ ಹೋಯ್ತು ಅನ್ಕೊಂಡು ಮೂಗು ತಗ್ಗಿಸಿದೆ. ಮಾವಿನ ಮರ ಚಕ್ರಕ್ಕೆ ತಗಲ್ಬೇಕಿತ್ತು, ಒಂದು ಮೊಳದಲ್ಲಿ ತಪ್ಪಿತು. ಹೆಂಗೋ ತಿರುಗಿಸ್ಕೊಂಡು ಬಂದೆ. ಮುಳ್ಳನ್ನ ನಂಬೋ ಹಾಗಿಲ್ಲ, ಜಾಸ್ತಿ ವೇಗದಲ್ಲೇ ಇಳಿಸ್ದೆ. ರನ್‌ವೇ ಸಾಲ್ದೆ ರಾಗಿ ಹೊಲಕ್ಕೆ ನುಗ್ತು."

"ಗಾಯ?"

"ಮಗಳ ಗಲ್ಲಕ್ಕೆ ಮೂರು ಹೊಲಿಗೆ. ವಿಭಾ ಕೈ ಉಳುಕಿದೆ."

"ಇದರಲ್ಲಿ ಪೊಲೀಸ್ ಕೆಲಸ ಏನು?"

ಮಾಧವ್ ಮೇಜಿನ ಮೇಲೆ ಮುಷ್ಟಿ ಊರಿದ. "ವಿಮಾನದ ಎರಡು ಪಕ್ಕೆಯಲ್ಲೂ ಒಂದೊಂದು ಸಣ್ಣ ತೂತು ಇರತ್ತೆ. ಹೊರಗಿನ ಗಾಳಿಯ ಒತ್ತಡ ಅದರಿಂದಲೇ ಮುಳ್ಳುಗಳಿಗೆ ಗೊತ್ತಾಗೋದು. ಇಳಿದು ನೋಡ್ದೆ. ಎರಡೂ ಮುಚ್ಚಿದ್ವು. ಒಂದಾದ್ರೆ ಹುಳ ಹುಪ್ಪಟೆ ಅನ್ಬಹುದು. ಎರಡು! ಯಾರೋ ಬೇಕಂತಲೇ ಮುಚ್ಚಿದಾರೆ. ನನ್ನ ಮಕ್ಕಳನ್ನ ಕೊಲ್ಲೋಕೆ."

ಹನ್ನೆರಡೂವರೆಗೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ 109ನೇ ಸೆಕ್ಷನ್, ಕೊಲೆ ಯತ್ನ. ಆರೋಪಿ: ಅಪರಿಚಿತ. ವಿಮಾನಯಾನದ ಅಧಿಕಾರಿಗಳಿಗೂ ಮಾಹಿತಿ ಹೋಯಿತು.

ಮಧ್ಯಾಹ್ನ ಎರಡು ಹತ್ತಕ್ಕೆ ಸ್ಥಳ ಪಂಚನಾಮೆ. ತೆನೆ ಬಾಗಿದ ರಾಗಿಯ ನಡುವೆ ವಿಮಾನ ಮುಂಗಾಲು ಮುರಿದ ಹಸುವಿನಂತೆ ಮೂಗೂರಿ ಕೂತಿತ್ತು. ಬೆಂಗಳೂರಿನಿಂದ ಬಂದಿದ್ದ ವಿಮಾನದ ಇಂಜಿನಿಯರ್ ಚಂದ್ರಮೋಹನ್ ಬಾಗಿಲಿನ ಹಿಂದೆ, ಎದೆಮಟ್ಟದಲ್ಲಿ ಬೆರಳಿಟ್ಟು ತೋರಿಸಿದ. ನಾಣ್ಯದಷ್ಟಗಲದ ಬೆಳ್ಳನೆಯ ಬಿಲ್ಲೆ. ನಡುವೆ ಸೂಜಿ ಹೋಗುವಷ್ಟು ತೂತು. ತೂತಿನೊಳಗೆ ಏನೋ ಗಟ್ಟಿಯಾದದ್ದು.

"ಏನದು?"

"ಮೇಣ ಮೇಡಂ. ಮಾಡ್ದೋನು ತಿಳ್ಕೊಂಡೇ ಮಾಡಿದಾನೆ. ಮಣ್ಣಾಗಿದ್ರೆ ತೊಳೆದಾಗ ಹೋಗ್ತಿತ್ತು, ಮೇಣ ನೀರಿಗೆ ಜಗ್ಗಲ್ಲ."

ವಿಮಾನ ನಿಲ್ಲುವ ಶೆಡ್ಡಿಗೆ ಮೂರು ಕಡೆ ತಗಡು, ಒಂದು ಕಡೆ ಬಯಲು. ಸುತ್ತ ತಂತಿಬೇಲಿ. ಹಿಂದಿನ ಭಾನುವಾರ, ಅಂದರೆ ಸೆಪ್ಟೆಂಬರ್ 28ರಂದು, ವಿಮಾನ ಸರಿಯಾಗಿಯೇ ಹಾರಿತ್ತು. ನಡುವಿನ ಆರು ದಿನ ಯಾರು ಬಂದಿದ್ದರು? ಕಾವಲುಗಾರ ಗಂಗುಲಪ್ಪ ಕೈಮುಗಿದು ನಿಂತ. ಶನಿವಾರ ತೊಳೆಯುವುದೂ ಅವನೇ.

"ಯಾರೂ ಬಂದಿಲ್ಲಮ್ಮ. ನಾನು ಕದಲಿಲ್ಲ."

"ಆಯುಧಪೂಜೆ ದಿನ?"

"ಇಲ್ಲೇ ಇದ್ದೆ."

ಹೇಳುವಾಗ ಅವನ ಕಣ್ಣು ನೆಲ ನೋಡಿತು. ಶೋಭಾರಾಣಿ ಅದನ್ನು ಬರೆದುಕೊಳ್ಳಲಿಲ್ಲ, ಮನಸ್ಸಿನಲ್ಲಿಟ್ಟುಕೊಂಡರು.

ಮಾಧವ್ ಇನ್ನೊಂದು ಹೆಸರನ್ನೂ ಹೇಳಿದ್ದ. ಪಕ್ಕದ ತೋಪಿನ ಮಾಲೀಕ ವೆಂಕಟ್. ಸದ್ದಿಗೆ ಹೂವು ಉದುರುತ್ತದೆಂದು ಜಗಳ ತೆಗೆದಿದ್ದವನು. ಅವನನ್ನು ತೋಪಿನಲ್ಲೇ ವಿಚಾರಿಸಿದರು.

"ಆ ವಿಮಾನ ಒಂದಿನ ಬಿದ್ದೋಗತ್ತೆ ಅಂತ ಅಂದಿದ್ದು ನಿಜಾನಾ?"

"ಅಂದಿದ್ದೆ ಮೇಡಂ. ನಮ್ಮ ಮಾವಂಗೂ ದಿನಾ ಅಂತೀನಿ. ಆಯಪ್ಪ ಇನ್ನೂ ಗುಂಡ್ಕಲ್ಲು ಥರ ಅವ್ನೆ."

"28ರಿಂದ 4ರವರೆಗೆ ಎಲ್ಲಿದ್ದೆ?"

"ಆ ಮಾವನ ಮನೇಲೇ. ಮದನಪಲ್ಲಿ. ದಸರಾ ಅಲ್ವಾ, ಅಳಿಯ ಹೋಗ್ದಿದ್ರೆ ಊರಂತಾ ಏಮನುಕುಂಟಾರು, ಜನ ಏನಂತಾರೆ? ಬೇಕಾದ್ರೆ ಫೋನ್ ತೆಗೆದು ನೋಡಿ, ಬರೀ ಊಟದ ಫೋಟೋಗಳೇ."

ಫೋನ್ ಕರೆಗಳ ವಿವರ ಮರುದಿನ ಅವನ ಮಾತಿಗೇ ಸಾಕ್ಷಿ ಹೇಳಿತು.

ಅಕ್ಟೋಬರ್ ಆರು, ಸೋಮವಾರ, ಬೆಳಿಗ್ಗೆ ಹತ್ತಕ್ಕೆ ಕೋಲಾರದ ಮನೆಯಲ್ಲಿ ವಿಭಾಳ ಹೇಳಿಕೆ. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಅವಳು ಕಾಫಿ ತರುತ್ತೇನೆಂದು ಎದ್ದು, ತರಲಾರದೆ ಮತ್ತೆ ಕೂತಳು.

"ಸೈಟ್ ತಗೊಳ್ಳಿ ಅಂದ್ರು ಎಲ್ರೂ. ಇವರು ವಿಮಾನ ತಗೊಂಡ್ರು. ನಾನೂ ಬೈದೆ. ಆಮೇಲೆ ಒಂದ್ಸಲ ಹತ್ತಿದೆ. ಮೇಲೆ ಹೋದ್ಮೇಲೆ ಫೋನ್ ಬರಲ್ಲ, ಬಾಗಿಲು ತಟ್ಟೋರಿಲ್ಲ. ನಾಲ್ಕೇ ಜನ. ಮಗ ಅಲ್ಲೇ ನಿದ್ದೆ ಹೋಗ್ತಾನೆ, ಮಗಳು ಕೆರೆ ಎಣಿಸ್ತಾಳೆ. ವಾರವೆಲ್ಲ ಆ ಮೂವತ್ತೈದು ನಿಮಿಷಕ್ಕೇ ಕಾಯ್ತೀವಿ ಮೇಡಂ." ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡು ಹೇಳಿದಳು, "ಇನ್ನು ಕಾಯಲ್ಲ. ಯಾರು, ಯಾಕೆ ಅಂತ ಗೊತ್ತಾಗ್ದೆ ನನ್ನ ಮಕ್ಕಳು ಮತ್ತೆ ಅದನ್ನ ಹತ್ತಲ್ಲ. ನಮ್ಮನ್ನ ಕಂಡ್ರೆ ಯಾರಿಗೋ ಆಗಲ್ಲ ಅಂತ ತಿಳ್ಕೊಂಡು ಹೆಂಗೆ ಹಾರೋದು?"

ಶ್ರೀವಾಣಿ ಗಲ್ಲದ ಪಟ್ಟಿಯನ್ನು ಮುಟ್ಟಿಕೊಳ್ಳುತ್ತ ಬಂದು ಅಮ್ಮನಿಗೆ ಒರಗಿದಳು. ಹಾರುವ ಮೊದಲು ಏನೇನು ಮಾಡುತ್ತೀರಿ ಎಂದು ಶೋಭಾರಾಣಿ ಕೇಳಿದರು.

"ನಾನು ಲಿಸ್ಟ್ ಓದ್ತೀನಿ. ಅಪ್ಪ ಸುತ್ತ ನಡೀತಾ ಒಂದೊಂದೇ ಮುಟ್ಟಿ ಸರಿ ಅಂತಾರೆ. ಟಯರ್, ಸರಿ. ಎಣ್ಣೆ, ಸರಿ. ಹಂಗೆ."

ಶ್ಲೋಕ ಹೇಳಿಕೊಡುವವರೂ ಕಲಿಯುವವರೂ ಸಾಲು ಹಂಚಿಕೊಳ್ಳುವ ಹಾಗೆ, ಎಂದು ಶೋಭಾರಾಣಿಗೆ ಅನ್ನಿಸಿತು.

"ಆ ತೂತು ಲಿಸ್ಟಲ್ಲಿ ಇದೆಯಾ ಪುಟ್ಟಿ?"

"ಸ್ಟ್ಯಾಟಿಕ್ ಪೋರ್ಟ್. ಹದಿಮೂರನೇದು."

"ನಿನ್ನೆ ಓದಿದ್ಯಾ?"

"ಓದ್ದೆ. ಅಪ್ಪ ತಮ್ಮನ ಶೂ ಲೇಸ್ ಕಟ್ತಾ ಇದ್ರು. ಸರಿ ಅಂದ್ರು."

ಬಾಗಿಲಲ್ಲಿ ನಿಂತಿದ್ದ ಮಾಧವ್ ಒಳಗೆ ಬರಲಿಲ್ಲ. ಹೊರಡುವಾಗ ಗೇಟಿನ ಹತ್ತಿರ ಹೇಳಿದ, "ಎಂಟು ವರ್ಷದಲ್ಲಿ ಅದೊಂದೇ ಸಲ ಮೇಡಂ." ಶೋಭಾರಾಣಿ ಅದನ್ನೂ ಹೇಳಿಕೆಯಲ್ಲಿ ಸೇರಿಸಿದರು.

ಅಂದು ಸಂಜೆ ನಾಲ್ಕಕ್ಕೆ ಚಂದ್ರಮೋಹನ್ ತೂತಿನಿಂದ ತೆಗೆದ ಮೇಣದ ಎರಡು ಚೂರುಗಳನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಒಪ್ಪಿಸಿದ. ಶೋಭಾರಾಣಿ ಭೂತಗನ್ನಡಿ ಹಿಡಿದು ನೋಡಿದರು. ಮೇಣದ ಮೈಗೆ ಕೆಂಪು ಕಣಗಳು ಅಂಟಿದ್ದವು. ಮೂಗಿನ ಹತ್ತಿರ ತಂದರು.

ಚಿಕ್ಕಂದಿನ ಮಾಸ್ತಿಯ ಮನೆ ನೆನಪಾಯಿತು: ಪಡಸಾಲೆ, ಸಂಜೆಯ ದೀಪ, ಯಾರೋ ರಾಗವಾಗಿ ಭಾರತ ಓದುತ್ತಿದ್ದಾರೆ, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ತಾನು ಕೇಳುತ್ತಿರುವುದು. ಅಜ್ಜಿ ಬಾಗಿದಾಗಲೆಲ್ಲ ಹಣೆಯಿಂದ ಇದೇ ವಾಸನೆ. ಬೆಳಿಗ್ಗೆ ಮಿಂದ ಮೇಲೆ ಅಜ್ಜಿ ಹೆಬ್ಬೆರಳಿನಿಂದ ಮೊದಲು ಜೇನುಮೇಣ ತೀಡಿಕೊಂಡು, ಅದರ ಮೇಲೆ ಕುಂಕುಮ ಒತ್ತುತ್ತಿದ್ದಳು. ಬೆವರಿದರೂ ಬೊಟ್ಟು ಅಳಿಯುತ್ತಿರಲಿಲ್ಲ.

"ಪೆದ್ದಪ್ಪ, ಈಗ ಯಾರಾದ್ರೂ ಮೇಣ ಹಚ್ಚಿ ಕುಂಕುಮ ಇಡ್ತಾರಾ?"

"ಎಲ್ಲಾ ಸ್ಟಿಕ್ಕರು ಮೇಡಂ. ನಮ್ಮ ಮನೇಲಿ ಕನ್ನಡಿ ತುಂಬಾ ಅಂಟಿಸವ್ಳೆ, ನನ್ನ ಮುಖವೇ ಕಾಣಲ್ಲ." ಪೆದ್ದಪ್ಪ ನಕ್ಕು, ಇನ್‌ಸ್ಪೆಕ್ಟರ್ ನಗದ್ದು ಕಂಡು ನಿಲ್ಲಿಸಿದ. "ಹಳ್ಳಿ ಕಡೆ ವಯಸ್ಸಾದೋರು ಒಬ್ರೋ ಇಬ್ರೋ."

ಅಕ್ಟೋಬರ್ ಏಳು, ಮಂಗಳವಾರ, ಬೆಳಿಗ್ಗೆ ಒಂಬತ್ತಕ್ಕೆ ಗಂಗುಲಪ್ಪನನ್ನು ಠಾಣೆಗೆ ಕರೆಸಿದರು.

"ಶನಿವಾರ ತೊಳೆಯೋವಾಗ ವಿಮಾನದ ಮೇಲೆ ಏನಿತ್ತು?"

"ಧೂಳು."

"ಕೆಂಪಗೆ?"

ಗಂಗುಲಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಎರಡು ಕಡೆ ಕುಂಕುಮದ ಬೊಟ್ಟಿತ್ತಮ್ಮ. ಕೆಳಗೆ ನಾಕು ಚೆಂಡುಹೂವು. ಒರೆಸ್ಬಿಟ್ಟೆ, ಗುಡಿಸ್ಬಿಟ್ಟೆ."

"ಯಾಕೆ ಹೇಳ್ಲಿಲ್ಲ?"

"ಹೋದ್ ವರ್ಷ ನಾನು ಪೂಜೆ ಮಾಡಿ ಗಂಧ ಬಳ್ದಿದ್ದೆ. ಬಣ್ಣ ಹಾಳಾಗತ್ತೆ, ಇನ್ಮೇಲೆ ಪೂಜೆಗೀಜೆ ಕೂಡದು ಅಂತ ಸಾಹೇಬ್ರು ಬೈದಿದ್ರು. ಈ ಸಲ ನಾನು ಮಾಡ್ಲಿಲ್ಲ. ಹಬ್ಬದ ದಿನ ಹನ್ನೊಂದು ಗಂಟೆಗೆ ನನ್ನ ಮೊಪೆಡ್ ಪೂಜೆಗೆ ಮನೆಗೋದೆ. ಬಂದಾಗ ನಾಕು ಗಂಟೆ. ಕಾವಲು ಬಿಟ್ಟು ಹೋಗಿದ್ದು ಗೊತ್ತಾದ್ರೆ ಕೆಲಸ ಹೋಗ್ತಿತ್ತು."

"ನೀನಿಲ್ಲದಾಗ ಒಳಗೆ ಬರೋರು ಯಾರು?"

"ಯಾರು ಬರ್ತಾರಮ್ಮ? ಮುನಿಯಲ್ಲಮ್ಮ ಹುಲ್ಲಿಗೆ ಬರ್ತಾಳೆ. ಬೇಲಿ ಸಂದೀಲಿ. ನಾನೇ ಬಿಟ್ಟಿರೋದು. ರನ್‌ವೇ ಪಕ್ಕದ ಹುಲ್ಲು ಯಾರಾದ್ರೂ ಕೊಯ್ಬೇಕಲ್ಲ." ತಡೆದು ಹೇಳಿದ, "ಅವಳು ಅಂಥೋಳಲ್ಲ. ಭಾನುವಾರ ಎಲ್ರಿಗಿಂತ ಮುಂಚೆ ಓಡೋಗಿ ಮಗೂನ ಎತ್ಕೊಂಡು ಬಂದೋಳೇ ಅವಳು."

ಅಕ್ಟೋಬರ್ ಎಂಟು, ಬುಧವಾರ. ಬೆಳಿಗ್ಗೆ ಒಂಬತ್ತೂವರೆಗೆ ಶೋಭಾರಾಣಿ, ಪೆದ್ದಪ್ಪ, ಮಹಿಳಾ ಕಾನ್‌ಸ್ಟೆಬಲ್ ಗಂಗಾಲಕ್ಷ್ಮಿ ಮೂವರೂ ರನ್‌ವೇ ತಲುಪಿದರು. ಹೊಲದಲ್ಲಿ ವಿಮಾನದ ರೆಕ್ಕೆ ಬಿಚ್ಚುವ ಕೆಲಸ ನಡೆದಿತ್ತು. ಮಾಧವ್ ಅಲ್ಲಿದ್ದ. ಬೇಲಿಯ ಪಕ್ಕ ಅರವತ್ತರ ಆಸುಪಾಸಿನ ಹೆಂಗಸು ಕುಡುಗೋಲು ಹಿಡಿದು ಹುಲ್ಲು ಕೊಯ್ಯುತ್ತಿದ್ದಳು. ಹಸು ಪಕ್ಕದಲ್ಲಿ. ಹಣೆಯಲ್ಲಿ ಕಾಸಿನಗಲ ಕುಂಕುಮ, ಅಂಚು ಒಂದಿಷ್ಟೂ ಕದಡಿರಲಿಲ್ಲ.

ಶೋಭಾರಾಣಿ ಟೋಪಿ ತೆಗೆದು ಬದುವಿನ ಮೇಲೆ ಅವಳ ಸಮಕ್ಕೆ ಕೂತರು.

"ಆಯುಧಪೂಜೆ ದಿನ ವಿಮಾನಕ್ಕೆ ಬೊಟ್ಟು ಇಟ್ಟಿದ್ದು ನೀವಾ ಅಮ್ಮ?"

"ಹೂಂ. ನಾನೇ."

"ಮೊನ್ನೆ ನಾವೆಲ್ಲ ಬಂದಾಗ ಯಾಕೆ ಹೇಳ್ಲಿಲ್ಲ?"

"ನನ್ನ ಯಾರು ಕೇಳಿದ್ರು? ಆ ಕೋಳಿ ಕಳ್ಳನ ಥರ ನಿಂತಿದ್ದ ಗಂಗುಲಪ್ಪನ್ನೇ ಕೇಳ್ತಿದ್ರಿ." ಕುಡುಗೋಲು ನೆಲಕ್ಕಿಟ್ಟಳು. "ಯಾಕೆ, ತಪ್ಪಾ? ಸೈಕಲ್ಲಿಗೆ ಇಡ್ತಾರೆ, ಕಸಬರಿಕೆಗೆ ಇಡ್ತಾರೆ. ಹಸುಗೂಸು ಹತ್ತೋ ಇಮಾನ, ಹಬ್ಬದ ದಿನ ಬೋಳು ಹಣೇಲಿ ನಿಂತಿತ್ತು."

"ಆ ತೂತಿನ ಮೇಲೆ ಯಾಕೆ ಇಟ್ರಿ?"

ಮುನಿಯಲ್ಲಮ್ಮ ಸುತ್ತ ನೋಡಿದಳು. "ಅದು ಕಿವಿ ಅಲ್ವಾ."

"ಕಿವಿ?"

"ಬಸವಣ್ಣನ ಕಿವೀಲಿ ನಾವು ಹೇಳ್ಕೊಳ್ಳಲ್ವಾ ಅಮ್ಮಣ್ಣಿ? ಒಂದು ಕಿವಿ ಕೈಲಿ ಮುಚ್ಚಿ ಇನ್ನೊಂದ್ರಲ್ಲಿ ಹೇಳ್ಬೇಕು. ಇಲ್ದಿದ್ರೆ ಮಾತು ಆ ಕಡೆಯಿಂದ ಆಚೆ ಹೋಗ್ತದೆ. ಬಸವಣ್ಣನಾದ್ರೆ ಕೈ ಎಟಕ್ತದೆ. ಇದು ಎಲ್ಲೆಟಕ್ತದೆ? ಅದಕ್ಕೆ ಆ ಕಡೇದಕ್ಕೆ ಮೇಣ ಒತ್ತಿ ಬೊಟ್ಟಿಟ್ಟು, ಸುತ್ಕೊಂಡು ಬಂದು ಈ ಕಡೇದ್ರಲ್ಲಿ ಹೇಳ್ದೆ."

"ಈ ಕಡೇದೂ ಮುಚ್ಚಿತ್ತಲ್ಲ."

"ಹೇಳಾದ್ಮೇಲೆ ಮುಚ್ದೆ. ಮೇಲೆ ಗಾಳಿ ಜಾಸ್ತಿ ಅಂತಾರೆ. ಹಾರೋಗ್ಬಾರ್ದು ಅಂತ."

ಪೆದ್ದಪ್ಪ ಬರೆಯುವುದನ್ನು ನಿಲ್ಲಿಸಿ ಇನ್‌ಸ್ಪೆಕ್ಟರರ ಮುಖ ನೋಡಿದ. ಅವರು ನೋಡಲಿಲ್ಲ.

"ಏನು ಹೇಳಿದ್ರಿ?"

"ಅದು ಹೇಳ್ಬಾರ್ದು. ಹೇಳಿದ್ರೆ ಆಗಲ್ಲ."

"ಹೇಳ್ಲೇಬೇಕು ಅಮ್ಮ. ಕೇಸಾಗಿದೆ. ಕೊಲೆ ಯತ್ನ ಅಂತ. ಯಾಕೆ ಮಾಡಿದ್ರಿ ಅಂತ ನಿಮ್ಮ ಬಾಯಿಂದ ಬರ್ದಿದ್ರೆ ಅದು ಹಂಗೇ ಉಳಿಯತ್ತೆ."

ಕೊಲೆ ಎಂಬ ಮಾತು ಅವಳಿಗೆ ಅರ್ಥವಾಗಲಿಲ್ಲ. ಯಾರದು ಎನ್ನುವಂತೆ ನೋಡಿದಳು. ಶೋಭಾರಾಣಿ ನಿಧಾನವಾಗಿ, ಒಂದೊಂದು ಮಾತಿಗೂ ಉಸಿರು ಕೊಟ್ಟು ತಿಳಿಸಿದರು. ಆ ತೂತು ಏನು, ಅದು ಮುಚ್ಚಿದರೆ ಏನಾಗುತ್ತದೆ, ಭಾನುವಾರ ಏನಾಯಿತು. ಮುನಿಯಲ್ಲಮ್ಮ ತನ್ನ ಬಲಗೈಯ ಹೆಬ್ಬೆರಳನ್ನು ನೋಡಿಕೊಂಡಳು. ಆಮೇಲೆ ಅದನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಮಗೂಗೆ ಎಷ್ಟು ಹೊಲಿಗೆ?"

"ಮೂರು."

"ನಾನೇ ಎತ್ಕೊಂಡಿದ್ದೆ. ನನ್ನ ಕುಪ್ಪಸವೆಲ್ಲ ರಕ್ತ ಆಗಿತ್ತು."

ಉಳಿದದ್ದನ್ನು ತಾನಾಗಿ ಹೇಳಿದಳು. ರನ್‌ವೇ ಆಗಿರುವ ಈ ನೆಲ ಮೊದಲು ಅವಳ ಗಂಡನ ಮನೆಯವರದು. ಮದುವೆಯಾಗಿ ಬಂದಂದಿನಿಂದ ಕಳೆ ಕಿತ್ತಿದ್ದು, ಹೆಸರುಕಾಯಿ ಬಿಡಿಸಿದ್ದು, ಮಕ್ಕಳನ್ನು ಮರದ ಕೊಂಬೆಗೆ ಜೋಲಿ ಕಟ್ಟಿ ಮಲಗಿಸಿದ್ದು ಎಲ್ಲ ಇಲ್ಲೇ. ಒಳ್ಳೆಯ ಬೆಲೆಗೆ ಮಾರಿದರು, ಅದಕ್ಕೆ ಬೇಸರವಿಲ್ಲ. ಎರಡು ವರ್ಷದ ಹಿಂದೆ ಒಂದು ಭಾನುವಾರ ಮಾಧವ್ ಬೇಲಿಯ ಹತ್ತಿರ ನಿಂತು ಹೇಳಿದ್ದ: ಅಜ್ಜಿ, ನಿಮ್ಮ ಹಳೇ ಬದುಗಳು ಮೇಲಿಂದ ಇನ್ನೂ ಗೆರೆ ಥರ ಕಾಣ್ತವೆ, ಬಾವಿ ಮುಚ್ಚಿದ ಜಾಗ ಗುಂಡಗೆ ಕಾಣ್ತದೆ. ಒಂದ್ಸಲ ಕರ್ಕೊಂಡು ಹೋಗ್ತೀನಿ.

"ನಲವತ್ತು ವರ್ಷ ಬಗ್ಗಿಕೊಂಡು ನೋಡಿದ ನೆಲ ಅಮ್ಮಣ್ಣಿ. ಒಂದೊಂದು ಸಾಲು ಗೊತ್ತು. ಪೂರ್ತಿ ಹೆಂಗಿದೆ ಅಂತ ಗೊತ್ತಿಲ್ಲ. ಅವತ್ತಿಂದ ಭಾನುವಾರ ಮಡಿ ಸೀರೆ ಉಟ್ಕೊಂಡೇ ಹುಲ್ಲಿಗೆ ಬರ್ತೀನಿ. ಆಯಪ್ಪ ಮರ್ತಿದ್ರೂ ನೆನಪು ಮಾಡೋಕೆ ಬಾಯಿ ಬರ್ಲಿಲ್ಲ. ನಾಕೇ ಸೀಟು, ನಾಕು ಜನ. ಯಾವ ಮಗೂನ ಇಳಿಸಿ ನನ್ನ ಕೂರಿಸ್ತಾನೆ? ಅದಕ್ಕೆ ಅವರನ್ನ ಕೇಳ್ಲಿಲ್ಲ. ಇಮಾನವನ್ನೇ ಕೇಳ್ದೆ. ನನ್ನ ಒಂದ್ಸಲ ಕರ್ಕೊಂಡು ಹೋಗು, ಆ ಮಕ್ಕಳನ್ನ ಕ್ಷೇಮವಾಗಿ ಇಟ್ಟಿರು ಅಂತ. ಎರಡು ಕೇಳ್ದೆ. ಅದೇ ತಪ್ಪಾಯ್ತೇನೋ."

ಅಷ್ಟು ಹೊತ್ತಿಗೆ ಮಾಧವ್ ಹತ್ತಿರ ಬಂದು ನಿಂತಿದ್ದ. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು.

"ನಾನು ಹಂಗೆ ಹೇಳಿದ್ನಾ ಅಜ್ಜಿ?"

"ಹೂಂ ಸಾಮಿ. ಮುಂದಿನ ಭಾನುವಾರ ಅಂದ್ರಿ."

ಅವನಿಗೆ ನೆನಪಿರಲಿಲ್ಲ. ನೆನಪಿಲ್ಲವೆನ್ನುವುದು ಮುಖದ ಮೇಲೆ ಬರೆದಂತೆ ಕಾಣುತ್ತಿತ್ತು. ಅವನು ವಿಭಾಳಿಗೆ ಫೋನ್ ಮಾಡಿ, ದೂರ ಹೋಗಿ, ತುಂಬ ಹೊತ್ತು ಮಾತಾಡಿ ಬಂದ.

"ಮೇಡಂ, ಕಂಪ್ಲೇಂಟ್ ವಾಪಸ್ ತಗೋತೀನಿ."

"ಎಫ್‌ಐಆರ್ ಕೋರ್ಟಿಗೆ ಹೋಗಿದೆ ಸಾರ್. ಈಗ ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. 109 ಕೈಬಿಟ್ಟು ನಿರ್ಲಕ್ಷ್ಯದಿಂದ ಗಾಯ ಅಂತ ಬದಲಾಯಿಸೋಕೆ ಬರೀತೀನಿ. ಇವತ್ತೇ ಠಾಣೆಯಲ್ಲೇ ಜಾಮೀನು ಸಿಗತ್ತೆ. ನಿಮ್ಮ ಹದಿಮೂರನೇ ಸಾಲನ್ನೂ ಬರೀಬೇಕಾಗತ್ತೆ."

"ಬರೀರಿ. ಬರೀಲೇಬೇಕು."

"ಇಮಾನ ಮತ್ತೆ ಹಾರ್ತದಾ ಸಾಮಿ?" ಮುನಿಯಲ್ಲಮ್ಮ ಕೇಳಿದಳು.

ಮಾಧವ್ ರೆಕ್ಕೆಯಿಲ್ಲದೆ ಲಾರಿಗೆ ಏರುತ್ತಿದ್ದ ವಿಮಾನದ ಕಡೆ ನೋಡಿದ. "ಗೊತ್ತಿಲ್ಲ ಅಜ್ಜಿ."

ಹತ್ತೂ ಐವತ್ತಕ್ಕೆ ಬಂಧನ ಪತ್ರಕ್ಕೆ ಮುನಿಯಲ್ಲಮ್ಮನ ಸಹಿಯಾಯಿತು. ಸಾಕ್ಷಿ ಗಂಗುಲಪ್ಪ. ಹಸುವನ್ನು ಅವನೇ ಮನೆಗೆ ಹೊಡೆದುಕೊಂಡು ಹೋಗಿ ಅವಳ ಗಂಡನಿಗೆ ತಿಳಿಸುವುದೆಂದಾಯಿತು. ಜೀಪಿನ ಬಾನೆಟ್ ಮೇಲೆ ಡೈರಿ ಇಟ್ಟು, ಕೃತ್ಯದ ಉದ್ದೇಶ ಎಂಬ ಕಡೆ ಶೋಭಾರಾಣಿ ಬರೆದರು: 'ಫಿರ್ಯಾದಿಯ ಕುಟುಂಬದ ಮೇಲೆ ಯಾವ ದ್ವೇಷವೂ ಇಲ್ಲ. ತಾನು ದುಡಿದ ಜಮೀನನ್ನು ಒಮ್ಮೆ ಮೇಲಿನಿಂದ ನೋಡಬೇಕೆಂಬ ಆಸೆ.'

ಊರು ದಾಟಿದ ಮೇಲೆ ದಾರಿ ಒಂದು ಬಂಡೆಯ ಏರನ್ನು ಹತ್ತುತ್ತದೆ. ನೆತ್ತಿಗೆ ಬಂದಾಗ ಹಿಂದಿನ ಸೀಟಿನಿಂದ ಮುನಿಯಲ್ಲಮ್ಮ, "ಒಂದು ಗಳಿಗೆ ನಿಲ್ಲಿಸ್ತೀರಾ?" ಎಂದಳು. ಬಂಧಿತರನ್ನು ನಡುದಾರಿಯಲ್ಲಿ ಇಳಿಸುವ ಹಾಗಿಲ್ಲ. ಪೆದ್ದಪ್ಪ ಬಾಯಿ ತೆರೆಯುವ ಮೊದಲೇ ಶೋಭಾರಾಣಿ ಡ್ರೈವರನ ಭುಜ ಮುಟ್ಟಿದರು.

ಗಂಗಾಲಕ್ಷ್ಮಿ ಕೈ ಹಿಡಿದು ಬಂಡೆ ಹತ್ತಿಸಿದಳು. ಬಿಸಿಲು ಚೆನ್ನಾಗಿತ್ತು. ಮುನಿಯಲ್ಲಮ್ಮ ಹಣೆಗೆ ಕೈ ಅಡ್ಡ ಹಿಡಿದು, ತುದಿಗಾಲಲ್ಲಿ ನಿಂತು, ಬಂದ ದಾರಿಯ ಕಡೆ ನೋಡಿದಳು. ಶೋಭಾರಾಣಿಯೂ ಪಕ್ಕದಲ್ಲಿ ನಿಂತು ನೋಡಿದರು. ದಿಕ್ಕಿನಂಚಿನವರೆಗೂ ಮಾವಿನ ತೋಪು, ಕಪ್ಪು ಹಸಿರು, ಒಂದರ ಮೇಲೊಂದು.

"ಕಾಣ್ತಾ ಅಮ್ಮ?"

"ಬರೀ ಮರವೇ." ಇನ್ನೊಂದು ಗಳಿಗೆ ಹುಡುಕಿದಳು. "ಇನ್ನೂ ಮೇಲೆ ಹೋಗ್ಬೇಕು ಅಮ್ಮಣ್ಣಿ."